ಕಲ್ಲಿಲ್ಲದ ಗಿರಣಿ

ಏಣಿಯ ಆರನೆಯ ಮೆಟ್ಟಿಲ ಮೇಲೆ ನಿಂತು, ಒಂದು ಕೈಯಲ್ಲಿ ತಗಡಿನ ಅಂಚನ್ನೂ ಇನ್ನೊಂದರಲ್ಲಿ ತಳ ಕೊರೆದ ಹಿತ್ತಾಳೆಯ ಚರಿಗೆಯನ್ನೂ ಹಿಡಿದಿದ್ದ ಪೀರಸಾಬನಿಗೆ, ಇದನ್ನು ಈಗ ಹೊಗೆಕೊಳವೆಯ ಮೇಲೆ ಕೂಡ್ರಿಸಬಾರದು ಎಂಬುದು ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೂ ಹತ್ತಿದ್ದ. ಅರವತ್ತೇಳು ವರ್ಷದ ಮೊಣಕಾಲು ನಾಲ್ಕನೆಯ ಮೆಟ್ಟಿಲಲ್ಲೇ ಬೇಡವೆಂದಿತ್ತು; ಅದರ ಮಾತನ್ನಾದರೂ ಕೇಳಬೇಕಿತ್ತು ಎಂದು ಆಮೇಲೆ ಅನ್ನಿಸಿತು. ಕೆಳಗೆ ಗಿರಣಿಯ ಬಾಗಿಲಲ್ಲಿ ಸೃಷ್ಟಿ, ಪುಣೆಯಿಂದ ಬಂದ ಹದಿನಾರು ಜನರಿಗೆ ಮರಾಠಿಯಲ್ಲಿ ವಿವರಿಸುತ್ತಿದ್ದಳು. ಈ ಎಂಜಿನ್ನು ವಿಲಾಯತಿಯಿಂದ ಹಡಗಿನಲ್ಲಿ ಬಂದದ್ದು, ಮುಂಬೈಯಿಂದ ರೈಲಿನಲ್ಲಿ, ಅಲ್ಲಿಂದ ಎಂಟೆತ್ತು ಹೂಡಿದ ಬಂಡಿಯಲ್ಲಿ ತಿಕೋಂಡಿಗೆ. ಜೋಳ ಬೀಸುವ ಈ ಗಿರಣಿಯಲ್ಲಿ ಒಂದು ಬೋಲ್ಟೂ ಬದಲಾಗಿಲ್ಲ, ಎಲ್ಲ ಇದ್ದ ಹಾಗೇ ಇದೆ. ಆ ಕೊನೆಯ ಮಾತು ಕಿವಿಗೆ ಬಿದ್ದಾಗ ಪೀರಸಾಬ ಸುಮ್ಮನೆ ಚರಿಗೆಯೊಳಗೆ ಇಣುಕಿದ. ಒಳಗೆ ಜೇಡರಬಲೆ ಇತ್ತು. ಊದಿ ತೆಗೆದ.

‘ಎಲ್ಲ ಇದ್ದ ಹಾಗೇ ಇದೆ’ ಎಂಬುದು ಮೂಲದಲ್ಲಿ ಅವನದೇ ಮಾತು. ಎರಡು ತಿಂಗಳ ಹಿಂದೆ ಸೃಷ್ಟಿ ಮೊದಲ ಸಲ ಸ್ಕೂಟಿಯಲ್ಲಿ ಬಂದಿದ್ದಳು. ಜತ್ತದ ಕಿರಾಣಿ ಅಂಗಡಿಯವರ ಮಗಳು, ಸಾಂಗ್ಲಿಯಲ್ಲಿ ಎಂಜಿನಿಯರಿಂಗ್ ಓದಿದವಳು; ಹಳೆಯ ಯಂತ್ರ, ಹಳೆಯ ಸೇತುವೆ, ಸಂಸ್ಥಾನದ ಕಾಲದ ಬಾವಿಗಳ ನೀರೆತ್ತುವ ರಾಟೆ ಇಂಥವನ್ನೆಲ್ಲ ತೋರಿಸುತ್ತ ಜನರನ್ನು ಬಸ್ಸಿನಲ್ಲಿ ತಿರುಗಿಸುವುದನ್ನೇ ಉದ್ಯೋಗ ಮಾಡಿಕೊಂಡವಳು. ಎಂಜಿನ್ನಿನ ಸುತ್ತ ನಾಲ್ಕು ಸುತ್ತು ಹಾಕಿ, ಕಾಕಾ, ಕಲ್ಲೂ ಅದಾವಲ್ಲ ಎಂದು ಕೇಳಿದ್ದಳು. ಎಲ್ಲಾ ಅದಾವ ಎಂದಿದ್ದ. ಕೆಳಗಿನ ಕಲ್ಲು ಇತ್ತು. ಮೇಲಿನದು ಇರಲಿಲ್ಲ. ಕೆಳಗಿನದರ ಮೇಲೆ ಕಟ್ಟಿಗೆಯ ಮುಚ್ಚಳ, ಮುಚ್ಚಳದ ಮೇಲೆ ಧೂಳು. ಯಾರು ಎತ್ತಿ ನೋಡುತ್ತಾರೆ? ಮೇಲಿನ ಕಲ್ಲು ಅವನ ಮನೆಯ ಹಿತ್ತಲಲ್ಲಿ ಪಾತ್ರೆ-ಭಾಂಡೆ ತಿಕ್ಕುವ ಜಾಗದಲ್ಲಿತ್ತು. ಊರಿಗೆ ಕರೆಂಟಿನ ಚಕ್ಕಿ ಬಂದು ಈ ಗಿರಣಿ ನಿಂತ ವರ್ಷ, ಕೆಸರಿನಲ್ಲಿ ಜಾರಿ ಬಿದ್ದು ಹೆಂಡತಿ ಶಮಶಾದಳ ಮಣಿಕಟ್ಟು ಮುರಿದಿತ್ತು. ಆ ಕಲ್ಲನ್ನು ಉರುಳಿಸಿಕೊಂಡು ಹೋಗಿ, ಕಾಲು ಜಾರದಿರಲೆಂದು ಗೀರಿನ ಮುಖ ಮೇಲೆ ಮಾಡಿ ಹಾಕಿದ್ದ. ಅದರಲ್ಲಿ ತಪ್ಪೇನಿದೆ ಎಂದು ತನಗೆ ತಾನೇ ಎಷ್ಟೋ ಸಲ ಕೇಳಿಕೊಂಡಿದ್ದಾನೆ. ತಪ್ಪಿಲ್ಲದಿದ್ದರೆ ಸೃಷ್ಟಿಗೆ ಯಾಕೆ ಹೇಳಲಿಲ್ಲ ಎಂಬುದಕ್ಕೆ ಮಾತ್ರ ಅವನಲ್ಲಿ ಉತ್ತರವಿರಲಿಲ್ಲ.

ಅಥವಾ ಇತ್ತು. ಗಿರಣಿಯ ಮಾಲೀಕ ಗುರುಲಿಂಗಪ್ಪ ಗೌಡರು ಎದುರಿನ ಬೇವಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಇವತ್ತು ಎಂಜಿನ್ನು ಹೊತ್ತಿ, ಕೂಗಿ, ಬಂದವರು ಮೆಚ್ಚಿದರೆ ಸೃಷ್ಟಿ ಪ್ರತಿ ತಿಂಗಳೂ ಜನರನ್ನು ತರುತ್ತಾಳೆ, ಎಂಜಿನ್ನು ಉಳಿಯುತ್ತದೆ. ಇಲ್ಲದಿದ್ದರೆ ವಿಜಾಪುರದ ಮೋಡಕಾದವನು, ಹಳೆ ಕಬ್ಬಿಣ ಕೊಳ್ಳುವವನು, ಗ್ಯಾಸಿನ ಕಟರ್ ತಂದು ನಾಲ್ಕು ತುಂಡು ಮಾಡಿ ಒಯ್ಯುತ್ತಾನೆ. ಗೌಡರು ಇದನ್ನು ಕೆಟ್ಟ ಮನಸ್ಸಿನಿಂದೇನೂ ಹೇಳಿರಲಿಲ್ಲ. ಜಾಗ ಬೇಕಾಗಿದೆ ಪೀರಸಾಬ, ನಾನೂ ಎಷ್ಟು ದಿವಸ ಕಬ್ಬಿಣ ಕಾಯಲಿ ಎಂದಿದ್ದರು. ಅವನ ಅಪ್ಪ ನಲವತ್ತು ವರ್ಷ, ತಾನು ಮೂವತ್ತು ವರ್ಷ ಎಣ್ಣೆ ಹಾಕಿದ ಎಂಜಿನ್ನಿಗೆ ಗೌಡರು ಕಬ್ಬಿಣ ಎಂದದ್ದು ಅವನಿಗೆ ಚುಚ್ಚಿತ್ತು. ಆದರೆ ಅದು ಕಬ್ಬಿಣವೇ ಅಲ್ಲವೇ ಎಂದೂ ಅನ್ನಿಸಿತ್ತು.

ಕೆಳಗೆ ಆ ಜನ ಮಾಡುತ್ತಿದ್ದುದನ್ನು ನೋಡಿದರೆ ಅವನಿಗೆ ಸೋಜಿಗ. ನೀಲಿ ಟೊಪ್ಪಿಗೆಯ ಹೆಂಗಸೊಬ್ಬಳು ಒಂದೇ ಒಂದು ನಟ್ಟಿನ ಫೋಟೋವನ್ನು ಐದಾರು ಸಲ ತೆಗೆದಳು. ದಪ್ಪನೆಯ ಒಬ್ಬರು ಬಿಳಿ ಅಂಗಿಯಲ್ಲೇ ನೆಲಕ್ಕೆ ಬೆನ್ನು ಹಚ್ಚಿ ಮಲಗಿ ಎಂಜಿನ್ನಿನ ಅಡಿಯಲ್ಲಿ ಟಾರ್ಚು ಬಿಟ್ಟರು. ಇವರೆಲ್ಲ ಕಾರ್ಖಾನೆಗಳನ್ನು ನಡೆಸಿ ನಿವೃತ್ತರಾದವರಂತೆ, ದೊಡ್ಡ ದೊಡ್ಡ ಯಂತ್ರಗಳನ್ನು ಕಂಡವರಂತೆ. ಬೆಳಿಗ್ಗೆ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿಕೊಂಡು ಬಂದಿದ್ದಾರೆ. ಅಷ್ಟೆತ್ತರದ ರೆಕ್ಕೆ ನೋಡಿದ ಕಣ್ಣಿಗೆ ಈ ನಟ್ಟಿನಲ್ಲಿ ಏನು ಕಾಣುತ್ತದೆ? ಕೇಳಬೇಕೆನಿಸಿತು, ಆದರೆ ಮರಾಠಿಯಲ್ಲಿ ಅದನ್ನು ಹೇಗೆ ಕೇಳಿದರೂ ಚುಡಾಯಿಸಿದಂತಾಗುತ್ತಿತ್ತು. ಅವರೂ ಅವನನ್ನು ಹಾಗೇ ನೋಡುತ್ತಿದ್ದರು, ಕುತೂಹಲದಿಂದ, ಅವನೂ ಎಂಜಿನ್ನಿನ ಒಂದು ಭಾಗವೇನೋ ಎನ್ನುವ ಹಾಗೆ. ಒಬ್ಬರು ಅವನ ಅಂಗೈಯ ಫೋಟೋ ಕೇಳಿದಾಗ ಅವನು ಕೈಯನ್ನು ಮೊದಲು ಧೋತರಕ್ಕೆ ಒರಸಿದ್ದ. ಬೇಡ, ಎಣ್ಣೆ ಇರಲಿ ಎಂದರು. ಒರಸಿದ ಕೈಗೆ ಮತ್ತೆ ಎಣ್ಣೆ ಹಚ್ಚಿಕೊಳ್ಳಬೇಕಾಯಿತು. ಆ ನಾಚಿಕೆ ಇನ್ನೂ ಕಿವಿಯ ತುದಿಯಲ್ಲಿ ಬಿಸಿಯಾಗಿ ಉಳಿದಿತ್ತು.

ಚರಿಗೆ ಅಪ್ಪನದು. ನೀರು ಕುಡಿಯುವ ಚರಿಗೆಯೇ. ತಳ ಕೊರೆದು, ಬೋರಲು ಹಾಕಿ, ಬಾಯಿಯ ಅಂಚನ್ನು ಅರದಿಂದ ಉಜ್ಜಿ ಉಜ್ಜಿ ಅಪ್ಪ ಅದಕ್ಕೊಂದು ದನಿ ತಂದಿದ್ದ. ಹೊಗೆಕೊಳವೆಯ ತುದಿಗೆ ಅದನ್ನು ಕೂಡ್ರಿಸಿದರೆ ಎಂಜಿನ್ನು ಬರೀ ಡಗಡಗ ಅನ್ನುವುದಿಲ್ಲ, ಕೂಕ್, ಕೂಕ್ ಎಂದು ಕೂಗುತ್ತದೆ. ಆಗೆಲ್ಲ ಗಿರಣಿ ದಿನವೂ ನಡೆಯುತ್ತಿರಲಿಲ್ಲ. ಡೀಸೆಲ್ ಸಿಕ್ಕ ದಿನ, ಕಲ್ಲು ಸರಿಯಿದ್ದ ದಿನ. ಕೂಗು ಕೇಳಿದರೆ ಸುತ್ತಲಿನ ಹೊಲಮನೆಗಳ ವಸ್ತಿಗಳಿಂದ ಹೆಂಗಸರು ಜೋಳದ ಬುಟ್ಟಿ ಹೊತ್ತು ಹೊರಡುತ್ತಿದ್ದರು. ಸೊರಡಿ ಕಡೆಯ ಗಿರಣಿಯದು ತೆಳ್ಳಗಿನ ದನಿ, ಇದು ದಪ್ಪನೆಯದು. ಯಾವ ಗಿರಣಿ ಕರೆಯುತ್ತಿದೆ ಎಂದು ತೊಟ್ಟಿಲಲ್ಲಿನ ಕೂಸಿಗೂ ಗೊತ್ತಾಗುತ್ತಿತ್ತು. ಕಲ್ಲಿಗೆ ಉಳಿಯಿಂದ ಗೀರು ಹೊಡೆಯುವ ದಿನ ಎಂಜಿನ್ನು ಹೊತ್ತಿಸಿ ನೋಡಬೇಕಾದರೆ ಅಪ್ಪ ಮೊದಲು ಏಣಿ ಹತ್ತಿ ಚರಿಗೆ ಬಿಚ್ಚಿ ತರುತ್ತಿದ್ದ. ಒಮ್ಮೆ ಜ್ವರದ ಅಮಲಿನಲ್ಲಿ ಬಿಚ್ಚುವುದನ್ನು ಮರೆತ. ನಾಲ್ಕು ಜನ ಹೆಂಗಸರು ಬಂದು ನಿಂತರು. ಕೂಗಿ ಕರೆದ ಮೇಲೆ ಬುಟ್ಟಿ ತಿರುಗಿ ಹೋಗಬಾರದು ಎಂದು ಅಪ್ಪ ಮನೆಯಿಂದ ಬೀಸುಕಲ್ಲು ತರಿಸಿ, ಗಿರಣಿಯ ಬಾಗಿಲಲ್ಲೇ ಕುಳಿತು ನಾಲ್ಕೂ ಬುಟ್ಟಿ ಕೈಯಿಂದ ಬೀಸಿದ. ಇಪ್ಪತ್ತು ವರ್ಷದ ಪೀರಸಾಬ, ಹೆಂಗಸರ ಕೆಲಸ ಮಾಡುತ್ತ ಕುಳಿತ ಅಪ್ಪನನ್ನು ಗೆಳೆಯರು ಕಂಡಾರೆಂದು ನೀರಿನ ಟಾಕಿಯ ಹಿಂದೆ ಅಡಗಿ ಕುಳಿತಿದ್ದ. ಸಂಜೆ ಅಪ್ಪ ಅವನ ಪಕ್ಕದಲ್ಲೇ ಊಟಕ್ಕೆ ಕುಳಿತ. ಕೈ ಬಾವು ಬಂದಿತ್ತು, ಊಟದ ತುತ್ತು ಎತ್ತುವಾಗ ಬೆರಳು ಕೂಡುತ್ತಿರಲಿಲ್ಲ.

ಇದೆಲ್ಲ ನೆನಪಿದ್ದೂ ಅವನು ಚರಿಗೆ ಕೂಡ್ರಿಸಿ ತಂತಿ ಬಿಗಿದ. ಸೃಷ್ಟಿಗೆ ಬೇಕಿತ್ತು, ನಿಜ. ಆ ಕೂಗು ಕೇಳಲೆಂದೇ ಇವರು ಬಂದಿರೋದು ಎಂದಿದ್ದಳು. ಎಂಜಿನ್ನು ಉಳಿಯಬೇಕಿತ್ತು, ಅದೂ ನಿಜ. ಆದರೆ ತಂತಿ ಬಿಗಿಯುವ ಬೆರಳುಗಳಿಗೆ ಅಷ್ಟು ಅವಸರವಾದದ್ದು ಬೇರೆಯದೇ ಕಾರಣಕ್ಕೆ. ಯಾರಾದರೂ ಬರುತ್ತಾರೇನೋ ನೋಡಬೇಕಿತ್ತು. ಗಿರಣಿ ನಿಂತು ಹನ್ನೊಂದು ವರ್ಷ. ಅಮೋಘಸಿದ್ದಪ್ಪನ ಕರೆಂಟಿನ ಚಕ್ಕಿ ಬೆಳಗಿನಿಂದ ರಾತ್ರಿಯವರೆಗೆ ತಿರುಗುತ್ತದೆ, ಅದಕ್ಕೆ ಕೂಗಿ ಕರೆಯುವ ಅಗತ್ಯವೇ ಇಲ್ಲ. ಈಗ ಇದು ಕೂಗಿದರೆ ಯಾರ ಕಿವಿ ನೆಟ್ಟಗಾದೀತು? ಯಾರೂ ಬರುವುದಿಲ್ಲ ಎಂದು ಮೊದಲು ಅಂದುಕೊಂಡ, ನೆಮ್ಮದಿಯಾಯಿತು. ಮರುಗಳಿಗೆ ಆ ನೆಮ್ಮದಿಯೇ ಬೇಸರವೆನಿಸಿತು. ಮನುಷ್ಯನಿಗೆ ಇಷ್ಟು ವಯಸ್ಸಾದ ಮೇಲೂ ಇಂಥ ಹುಚ್ಚು ಚಪಲ ಇರಬಾರದು ಎಂದು ತನ್ನನ್ನೇ ಬೈದುಕೊಳ್ಳುತ್ತ ಇಳಿದ.

ಜ್ವಾಲೆ ಚಿಮ್ಮುವ ಪಂಪಿನ ದೀಪ ಹಚ್ಚಿ ಎಂಜಿನ್ನಿನ ತಲೆಯನ್ನು ಹದಿನೈದು ನಿಮಿಷ ಕಾಯಿಸಿದ. ಹದಿನಾರೂ ಜನ ಸುತ್ತ ನಿಂತು ನೋಡಿದರು. ಅವರಲ್ಲೊಬ್ಬರು ಮುದುಕರಿದ್ದರು, ಅವನಿಗಿಂತ ಹತ್ತು ವರ್ಷ ದೊಡ್ಡವರು, ಕಿವಿಗೆ ಯಂತ್ರ ಹಾಕಿಕೊಂಡವರು. ಅವರು ಮಾತ್ರ ಏನನ್ನೂ ಕೇಳಲಿಲ್ಲ, ಫೋಟೋ ತೆಗೆಯಲಿಲ್ಲ. ಪೀರಸಾಬ ದೊಡ್ಡ ಗಾಲಿಯನ್ನು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ತೂಗಿ, ಮೈಯ ಭಾರವನ್ನೆಲ್ಲ ಹಾಕಿ ಎಳೆದಾಗ ಎಂಜಿನ್ನು ಒಂದು ಸಲ ಕೆಮ್ಮಿತು, ಎರಡು ಸಲ ಕೆಮ್ಮಿತು, ಹಿಡಿಯಿತು. ಮೇಲೆ ಚರಿಗೆ ಕೂಗಿತು. ಕೂಕ್. ನೆಲ ಅಂಗಾಲಿಗೆ ನಡುಗಿದ ಆ ಹಳೆಯ ಸುಖ ಮೊಣಕಾಲಿನವರೆಗೂ ಏರಿಬಂದು ಅವನಿಗೆ ಅಳು ಬಂದಂತಾಯಿತು. ಆ ಮುದುಕರು ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿಕೊಂಡು, ಅಂಗೈಯನ್ನು ಎಂಜಿನ್ನಿನ ಮೈಗೆ ಒತ್ತಿ ಕಣ್ಣು ಮುಚ್ಚಿ ನಿಂತರು. ಇವರು ನಟ್ಟಿನಲ್ಲಿ ಏನು ನೋಡುತ್ತಾರೆಂದು ಪೀರಸಾಬನಿಗೆ ಆಗ ಸ್ವಲ್ಪ ಅರ್ಥವಾಯಿತು.

ಸೃಷ್ಟಿ ಕೈಯಾಡಿಸುತ್ತ ವಿವರಿಸುತ್ತಿದ್ದಳು. ಅವನು ಬಾಗಿಲಿಗೆ ಬಂದು ಸೊರಡಿ ಕಡೆಯ ಹಾದಿ ನೋಡಿದ. ಜಾಲಿ ಗಿಡಗಳು, ಬಿಸಿಲು, ಒಂದು ಮೋಟಾರ್ ಸೈಕಲ್ಲು. ಒಳಗೆ ಹೋದ, ಎಣ್ಣೆ ನೋಡಿದ, ಮತ್ತೆ ಬಂದ. ಗೌಡರು ಕುರ್ಚಿಯಿಂದ ಎದ್ದು ನಿಂತಿದ್ದರು, ಅವರ ಮುಖದಲ್ಲೂ ಏನೋ ಬೆಳಕು ಕಂಡಿತು. ಅರ್ಧ ಗಂಟೆಯಾಗಿರಬೇಕು. ಮೂರನೆಯ ಸಲ ಬಾಗಿಲಿಗೆ ಬಂದಾಗ ಜಾಲಿ ಗಿಡಗಳ ನಡುವೆ ಮೊದಲು ಬುಟ್ಟಿ ಕಂಡಿತು, ಆಮೇಲೆ ಬುಟ್ಟಿಯ ಕೆಳಗಿನ ಸೀರೆ, ಆಮೇಲೆ ಎಡಗಾಲನ್ನು ಸ್ವಲ್ಪ ಎಳೆದು ಹಾಕುವ ನಡಿಗೆ. ನಡಿಗೆಯಿಂದಲೇ ಗುರುತು ಸಿಕ್ಕಿತು: ಹೊಲದ ವಸ್ತಿಯ ಸಿದ್ದಲಿಂಗವ್ವ. ಎಂಬತ್ತರ ಹತ್ತಿರ ಬಂದವಳು, ಮುಕ್ಕಾಲು ಮೈಲು ನಡೆದಿದ್ದಾಳೆ. ಬಂದಳು ಎಂದು ಅವನ ಎದೆ ಕುಣಿಯಿತು. ಜಾತ್ರೆಗೆ ಬಂದ ಕೂಸಿನಂತೆ ಖುಷಿಪಟ್ಟ. ಅವಳು ಹತ್ತಿರ ಬಂದು ಬುಟ್ಟಿ ಇಳಿಸಲು ಕೈ ಚಾಚಿದಾಗ ಮಾತ್ರ ಮೇಲಿನ ಕಲ್ಲಿಲ್ಲದ್ದು ನೆನಪಾಯಿತು.

ಬುಟ್ಟಿ ಇಳಿಸಿಕೊಂಡ. ಬಿಳಿ ಅರಿವೆಯ ಕೆಳಗೆ ಹಸನು ಮಾಡಿದ ಜೋಳ, ನಾಲ್ಕು ಸೇರು ಇದ್ದೀತು. ಸಿದ್ದಲಿಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು, “ಭಾಳ ದಿನಕ್ಕ ಕರದೆಲ್ಲೋ ಪೀರಸಾಬ. ಸೊಸಿ ಅಂದ್ಲು, ಟ್ರ್ಯಾಕ್ಟರ್ ಸಪ್ಪಳ ಅದು ಅಂತ. ಟ್ರ್ಯಾಕ್ಟರ್ ಹಿಂಗ ಕರಿಯೂದಿಲ್ಲವ್ವಾ ಅಂದೆ.”

ಸೃಷ್ಟಿ ಓಡಿಬಂದಳು. ಅವಳ ಕಣ್ಣು ಹೊಳೆಯುತ್ತಿದ್ದವು; ಕೂಗು ಕೇಳಿ ಇವರು ಬೀಸಲಿಕ್ಕೆ ಬಂದಿದ್ದಾರೆ, ನಾನು ಏರ್ಪಾಡು ಮಾಡಿದ್ದಲ್ಲ ಎಂದು ಮರಾಠಿಯಲ್ಲಿ ಎರಡೆರಡು ಸಲ ಹೇಳಿದಳು. ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ನೀಲಿ ಟೊಪ್ಪಿಗೆಯ ಹೆಂಗಸು ಫೋನು ಎತ್ತಿ ಹಿಡಿದಳು. ತನಗೆ ಯಾಕೆ ಚಪ್ಪಾಳೆ ಎಂದು ತಿಳಿಯದ ಸಿದ್ದಲಿಂಗವ್ವ ಸುಮ್ಮನೆ ಸೆರಗು ಸರಿಮಾಡಿಕೊಂಡಳು. ಈಗ ಬೀಸುವುದನ್ನೂ ನೋಡೋಣ ಎಂದು ಎಲ್ಲರೂ ಒಳಗೆ ನುಗ್ಗಿದರು. ದಪ್ಪನೆಯವರು ಕಲ್ಲಿನ ಮುಚ್ಚಳಕ್ಕೆ ಕೈ ಹಾಕಿದ್ದೂ ಕಂಡಿತು. ಪೀರಸಾಬ ಎಂಜಿನ್ನಿಗೆ ಎಣ್ಣೆ ನಿಲ್ಲಿಸಿದ. ದೊಡ್ಡ ಗಾಲಿ ನಿಧಾನವಾಗುತ್ತ ಹೋಗಿ, ಕೊನೆಯ ಕೂಗು ಅರ್ಧಕ್ಕೇ ನಿಂತಿತು. ಆ ಮೌನದಲ್ಲಿ ಗೌಡರು ಕೆಮ್ಮಿದ್ದೂ ಕೇಳಿಸಿತು.

“ಮ್ಯಾಲಿನ ಕಲ್ಲಿಲ್ಲ ಯವ್ವಾ,” ಎಂದ.

ಸಿದ್ದಲಿಂಗವ್ವ ಅವನನ್ನೇ ನೋಡಿದಳು. ಸಿಟ್ಟೇನೂ ಇರಲಿಲ್ಲ ಆ ನೋಟದಲ್ಲಿ. “ಕಲ್ಲಿಲ್ಲಂದ್ರ ಮತ್ತ ಯಾಕ ಕರದಿ?”

ಹೇಳಲಿಕ್ಕೆ ಬೇಕಾದಷ್ಟಿತ್ತು. ಇವರು ದೂರದಿಂದ ಬಂದಿದ್ದಾರೆ ಎನ್ನಬಹುದಿತ್ತು. ಎಂಜಿನ್ನು ಉಳಿಸಬೇಕಿತ್ತು ಎನ್ನಬಹುದಿತ್ತು. ಅದನ್ನು ಕೇಳಿದರೆ ಅವಳೂ ಹೌದೆನ್ನುತ್ತಿದ್ದಳು. ಬಾಯಿಗೆ ಬಂದದ್ದು ಬೇರೆ.

“ಯಾರರ ಬರ್ತಾರೇನ ಅಂತ ನೋಡಾಕ.”

“ಬಂದೆನಲ್ಲ,” ಎಂದಳು ಸಿದ್ದಲಿಂಗವ್ವ.

ಸೃಷ್ಟಿ ಅವನ ಪಕ್ಕಕ್ಕೆ ಬಂದು, ನನಗೂ ಸುಳ್ಳು ಹೇಳಿದಿರಲ್ಲ ಕಾಕಾ ಎಂದು ಮೆಲ್ಲಗೆ ಕನ್ನಡದಲ್ಲಿ ಕೇಳಿದಳು. ಹೌದೆಂದು ತಲೆಯಾಡಿಸಿದ. ಅವಳ ಮುಖ ಬಾಡಿತು. ಹದಿನಾರು ಜನರ ಮುಂದೆ ಅವಳು ಆಡಿದ ಮಾತು ಈಗ ಅವಳದೇ ಸುಳ್ಳಾಗಿತ್ತು, ಅದನ್ನು ಅವರಿಗೆ ಹೇಳಬೇಕಾದವಳೂ ಅವಳೇ. ಹೇಳಿದಳು. ಪೀರಸಾಬ ಅದನ್ನು ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಬುಟ್ಟಿಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡು ಮನೆಯ ಕಡೆ ನಡೆದ. ಹಿಂದೆ ಸಿದ್ದಲಿಂಗವ್ವ, ಅವಳ ಹಿಂದೆ, ಇದೂ ಪ್ರವಾಸದ ಭಾಗವಿರಬೇಕೆಂದು, ಬಿಳಿ ಅಂಗಿಗಳ ಸಾಲು. ಓಣಿಯ ಬಾಗಿಲುಗಳಲ್ಲಿ ಜನ ನಿಂತು ನೋಡಿದರು. ಬುಟ್ಟಿ ಹೊತ್ತು ರೂಢಿಯಿಲ್ಲದ ಕುತ್ತಿಗೆ ನಡುಗಿ ಒಂದೆರಡು ಕಾಳು ಚೆಲ್ಲಿದವು. ಅಡಗಿ ಕೂಡಲು ನೀರಿನ ಟಾಕಿ ಎಲ್ಲೂ ಇರಲಿಲ್ಲ.

ಶಮಶಾದಳಿಗೆ ವಿಷಯ ತಿಳಿಯಲು ಎರಡು ನಿಮಿಷವೂ ಬೇಕಾಗಲಿಲ್ಲ. ಇಷ್ಟು ಜನ ಅಂಗಳಕ್ಕೆ ಬಂದದ್ದಕ್ಕೆ ಒಮ್ಮೆ ಗಾಬರಿಯಾಗಿ, ಸಿದ್ದಲಿಂಗವ್ವನಿಗೆ ಚಾಪೆ ಹಾಸಿ ನೀರು ಕೊಟ್ಟಳು. ಮೂಲೆಯಲ್ಲಿದ್ದ ಬೀಸುಕಲ್ಲನ್ನು ಎಳೆದು ತಂದು ಒರೆಸಿದಳು. ಗೂಟ ಹಿಡಿಯಲು ತಾನೇ ಕೂಡುತ್ತಾಳೆಂದು ಅವನು ಕಾದ. ಅವಳು ದೂರ ಸರಿದು ನಿಂತು, “ಕರದವರು ನೀವು. ಬೀಸೂದೂ ನೀವ ಬೀಸ್ರಿ,” ಎಂದಳು.

ಕುಳಿತ. ಒಂದು ಕಾಲು ಚಾಚಿ, ಒಂದು ಕಾಲು ಮಡಚಿ, ಅಪ್ಪ ಕುಳಿತಿದ್ದ ಹಾಗೇ. ಹಿಡಿ ಹಿಡಿ ಜೋಳ ಹಾಕಿ ತಿರುಗಿಸತೊಡಗಿದ. ಎಂಜಿನ್ನು ಒಂದು ಗಳಿಗೆಯಲ್ಲಿ ಮುಗಿಸುತ್ತಿದ್ದ ನಾಲ್ಕು ಸೇರು, ಕೈಗೆ ಮುಗಿಯುವ ಲಕ್ಷಣವೇ ಕಾಣಲಿಲ್ಲ. ಫೋನುಗಳು ಎದುರಿಗಿದ್ದವು, ತಗ್ಗಿಸಿದ ತಲೆಯನ್ನು ಅವನು ಎತ್ತಲಿಲ್ಲ. ಬೆನ್ನಿನಲ್ಲಿ ಬೆವರು ಇಳಿಯಿತು, ಭುಜ ಉರಿಯಿತು, ಹಿಟ್ಟು ಕಲ್ಲಿನ ಸುತ್ತ ತೆಳ್ಳಗೆ ಬಿಳಿ ಗೆರೆಯಾಗಿ ಬೀಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಫೋನುಗಳು ಒಂದೊಂದಾಗಿ ಕೆಳಗಿಳಿದವು. ಯಾರೋ ಎದುರಿಗೆ ಬಂದು ಕುಳಿತು ಗೂಟಕ್ಕೆ ಕೈ ಹಚ್ಚಿದರು. ಅಂಗೈಯ ಫೋಟೋ ತೆಗೆಯುವಾಗ ಎಣ್ಣೆ ಇರಲಿ ಎಂದಿದ್ದ ಮನುಷ್ಯ. ಇಬ್ಬರೂ ಕೂಡಿ ತಿರುಗಿಸಿದರು, ಒಬ್ಬರ ಕಡೆ ಒಬ್ಬರು ನೋಡದೆ.

ಆಗಲೇ ಹಿತ್ತಲಿನಿಂದ ಕಿವಿಯ ಯಂತ್ರದ ಮುದುಕರ ದನಿ ಕೇಳಿಸಿತು. ನೀರು ಕುಡಿಯಲೆಂದು ಹೋದವರು ಭಾಂಡೆ ತಿಕ್ಕುವ ಜಾಗದಲ್ಲಿ ಮಂಡಿಯೂರಿ ಕುಳಿತಿದ್ದರು. ಸಾಬೂನಿನ ನೊರೆ ಸರಿಸಿ, ಬೂದಿ ತೆಗೆದು, ಕಲ್ಲಿನ ಗೀರುಗಳಲ್ಲಿ ಬೆರಳು ಆಡಿಸುತ್ತಿದ್ದರು. ಇದು ಇಲ್ಲೇ ಇದೆಯಲ್ಲ, ಮೇಲಿನ ಕಲ್ಲು, ನಡುವಿನ ತೂತಿಗೆ ಮಣ್ಣು ತುಂಬಿದೆ ಅಷ್ಟೆ ಎಂದು ಮರಾಠಿಯಲ್ಲಿ, ಗಟ್ಟಿಯಾಗಿ, ಕಿವುಡರು ಮಾತಾಡುವ ಹಾಗೆ ಹೇಳಿದರು. ಹದಿನಾರೂ ಜನ ಹಿತ್ತಲಿಗೆ ಹೋಗಿ ಶಮಶಾದಳ ಹಂಡೆ ತಪ್ಪೇಲಿಗಳ ನಡುವೆ ಬಗ್ಗಿ ನಿಂತರು. ಎಂಜಿನ್ನಿಗೂ ಇಷ್ಟು ಹೊತ್ತು ಕೊಟ್ಟಿರಲಿಲ್ಲ. ಗೀರು ಯಾರು ಹೊಡೆದದ್ದು, ಎಷ್ಟು ಆಳ, ಯಾಕೆ ಒಂದು ಉದ್ದ ಒಂದು ಗಿಡ್ಡ ಎಂಬ ಪ್ರಶ್ನೆಗಳು ಒಳಗೆ ಬಂದವು. ಸೃಷ್ಟಿ ಬಾಗಿಲಲ್ಲಿ ನಿಂತು ಅವನಿಗೆ ಅವನ್ನೆಲ್ಲ ದಾಟಿಸಿದಳು. ಅವಳ ದನಿಯಲ್ಲಿ ಮುನಿಸು ಇನ್ನೂ ಇತ್ತು, ಆದರೆ ಉತ್ತರ ಏನಿರಬಹುದೆಂಬ ಆಸೆಯೂ ಇತ್ತು. ಕೈ ನಿಲ್ಲಿಸದೆ ಉತ್ತರ ಕೊಟ್ಟ: ಉದ್ದ ಗೀರು ಕಾಳನ್ನು ಒಡೆಯುತ್ತದೆ, ಗಿಡ್ಡ ಗೀರು ನುಣ್ಣಗೆ ಮಾಡುತ್ತದೆ, ಹೊಡೆದವನು ನನ್ನ ಅಪ್ಪ.

ಹಿಟ್ಟಾಯಿತು. ಸಿದ್ದಲಿಂಗವ್ವ ಒಂದು ಚಿಟಿಕೆ ತೆಗೆದು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು. “ಉರುಟು ಆಗೇತಿ. ರೊಟ್ಟಿಗೆ ಬರೂದಿಲ್ಲ,” ಎಂದಳು. ಅವನು ತಲೆ ತಗ್ಗಿಸಿದ. “ಇರ್ಲಿ ಬಿಡು, ನುಚ್ಚು ಮಾಡ್ತೀನಿ.” ಬುಟ್ಟಿಗೆ ಅರಿವೆ ಮುಚ್ಚಿ ಎದ್ದವಳು ಹೊರಡಲಿಲ್ಲ. ಅವನ ಕಡೆ ಕೈ ಚಾಚಿದಳು.

“ಆ ಚರಗಿ ಇಲ್ಲಿ ತಾ.”

ಅವನಿಗೆ ಅರ್ಥವಾಗಲಿಲ್ಲ.

“ನಿನ್ನ ಕೈಯಾಗ ಇದ್ರ ಸುಮ್ನ ಇರಂಗಿಲ್ಲ ನೀ. ನನ್ನ ಹತ್ರ ಇರ್ಲಿ. ಕಲ್ಲ ಕೂಡ್ರಿಸಿದ ದಿನ ಬಂದು ಒಯ್ಯಿ.”

ಗುರುಲಿಂಗಪ್ಪ ಗೌಡರು ಅಂಗಳದ ತುದಿಯಲ್ಲಿ ನಿಂತಿದ್ದರು. ಸೃಷ್ಟಿ ಒಂದು ಹೆಜ್ಜೆ ಮುಂದೆ ಬಂದಳು. ಚರಿಗೆ ಹೋದರೆ ಮುಂದಿನ ತಿಂಗಳು ಬಂದವರಿಗೆ ಏನು ತೋರಿಸಲಿ ಎಂದಳು. ಪೀರಸಾಬ ಅವಳನ್ನೂ ನೋಡಿದ, ಗೌಡರನ್ನೂ ನೋಡಿದ. ಎಂಜಿನ್ನು ಇವತ್ತು ಇಲ್ಲಿಗೇ ಮುಗಿದರೂ ಮುಗಿಯಬಹುದು ಎಂದು ಗೊತ್ತಿತ್ತು. ಗಿರಣಿಗೆ ಹೋದ, ಏಣಿ ಹತ್ತಿದ, ತಂತಿ ಬಿಚ್ಚಿದ. ಚರಿಗೆ ಇನ್ನೂ ಬೆಚ್ಚಗಿತ್ತು. ತನ್ನ ಟವೆಲಿನಲ್ಲಿ ಸುತ್ತಿ ತಂದು, ಅವಳ ಬುಟ್ಟಿಯಲ್ಲಿ ಹಿಟ್ಟಿನ ಪಕ್ಕಕ್ಕೆ ಇಟ್ಟ. ಮಸಿ ಹತ್ತೀತು ಯವ್ವಾ ಎಂದ. ಹತ್ತಲಿ ಎಂದಳು. ಗೌಡರು ಕೆಮ್ಮಿದರು. “ಒಂದ ತಿಂಗಳ ನೋಡೂಣು,” ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ ಹೊರಟರು. ಸೃಷ್ಟಿ ಸಿದ್ದಲಿಂಗವ್ವನನ್ನು ವಸ್ತಿಯವರೆಗೆ ಬಸ್ಸಿನಲ್ಲಿ ಬಿಡುತ್ತೇನೆಂದಳು. ಬಸ್ಸಿನ ಕಿಟಕಿಯಲ್ಲಿ, ಪುಣೆಯವರ ನಡುವೆ, ಮಡಿಲಲ್ಲಿ ಬುಟ್ಟಿ ಹಿಡಿದು ಅವಳು ನೆಟ್ಟಗೆ ಕುಳಿತದ್ದು ತಿರುವಿನವರೆಗೂ ಕಂಡಿತು.

ಧೂಳು ಇಳಿದ ಮೇಲೆ ಪೀರಸಾಬ ಹಿತ್ತಲಿಗೆ ಬಂದ. ಅಟ್ಟದಿಂದ ಅಪ್ಪನ ಉಳಿ, ಸುತ್ತಿಗೆ ಇಳಿಸಿಕೊಂಡು ಬಂದಿದ್ದ. ಬೆರಳು ಬಾತಿದ್ದವು, ಸರಿಯಾಗಿ ಮಡಚಲು ಬರುತ್ತಿರಲಿಲ್ಲ. ಕಲ್ಲಿನ ಮುಂದೆ ಕುಳಿತು ಗೀರುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಹನ್ನೊಂದು ವರ್ಷದ ಬೂದಿ, ತೆಂಗಿನ ನಾರು, ಶಮಶಾದಳ ಕೈ ಎಲ್ಲ ಸೇರಿ ಗಿಡ್ಡ ಗೀರುಗಳನ್ನು ಬಹುಪಾಲು ಸವೆಸಿ ಹಾಕಿದ್ದವು. ಉದ್ದನೆಯವು ಉಳಿದಿದ್ದವು. ಎಷ್ಟು ದಿನ ಬೇಕಾದೀತು ಎಂದು ಲೆಕ್ಕ ಹಾಕಿದ. ಈ ಕೈಗೆ ಇಪ್ಪತ್ತು ದಿನವಾದರೂ ಬೇಕು. ಶಮಶಾದ ಮಧ್ಯಾಹ್ನದ ಭಾಂಡೆ ತಂದವಳು ಅವನನ್ನು ಕಂಡು ನಿಂತಳು. ಹಾಗಾದರೆ ನಾನು ಇನ್ನು ಎಲ್ಲಿ ನಿಂತು ತಿಕ್ಕಲಿ ಎಂದು ಕೇಳಿದಳು. ಮರದ ಹಲಗೆ ಹಾಕಿ ಕೊಡುತ್ತೇನೆ, ಜಾರದ ಹಾಗೆ ಮೊಳೆ ಹೊಡೆಯುತ್ತೇನೆ ಎಂದ. ಅವಳು ಅಂದು ಮುರಿದಿದ್ದ ಮಣಿಕಟ್ಟನ್ನು ಒಮ್ಮೆ ತಿರುವಿ ನೋಡಿಕೊಂಡಳು, ಆಮೇಲೆ ಬಕೀಟು ಎತ್ತಿ ಕಲ್ಲಿನ ಮೇಲೆ ನೀರು ಸುರಿದು, ಅವನಿಗೆ ಗೀರು ಕಾಣುವ ಹಾಗೆ ತೊಳೆದು ಕೊಟ್ಟಳು.